ನಾಳೆಯ ಮಾತು

ನಡೆದುಹೋದುದನ್ನು ಮನುಷ್ಯನು ಕಂಡಿರುತ್ತಾನೆ, ನಡೆಯುತ್ತಿರುವುದನ್ನು ಕಾಣುತ್ತಿರುತ್ತಾನೆ, ನಡೆಯಲಿರುವುದನ್ನು ಕಂಡವರಿಲ್ಲ. ಆದುದರಿಂದ ನಾಳೆಯನ್ನು ಕುರಿತು ಆಡುವ ಮಾತು ಇಚ್ಛೆಯೋ, ಊಹೆಯೋ, ಏರ್ಪಾಡೋ, ವಚನವೋ ಆಗಿರುತ್ತದೆ. ಇದನ್ನು ನೆನಪಿನಲ್ಲಿಟ್ಟರೆ ಇಂಗ್ಲಿಷಿನ ಭವಿಷ್ಯತ್ಕಾಲದ ಸ್ವರೂಪವು ಸುಲಭವಾಗಿ ತಿಳಿಯುತ್ತದೆ.

ಕನ್ನಡದಲ್ಲಿ ‘ಮಾಡು’ ಎಂಬ ಧಾತುವಿಗೆ ಪ್ರತ್ಯಯಗಳು ಸೇರಿ ‘ಮಾಡುವೆನು’ ಎಂದಾಗುತ್ತದೆ. ಇಂಗ್ಲಿಷಿನಲ್ಲಿ ‘ಪ್ಲೇ’ ಎಂಬುದು ಭೂತಕಾಲದಲ್ಲಿ ‘ಪ್ಲೇಡ್’ ಎಂದಾಗುವುದಾದರೂ ಭವಿಷ್ಯತ್ತಿಗೆ ಅಂತಹ ಪ್ರತ್ಯಯವಿಲ್ಲ. ಹಳೆಯ ಇಂಗ್ಲಿಷಿನಲ್ಲಿ ವರ್ತಮಾನದ ರೂಪವೇ ಸಾಮಾನ್ಯವಾಗಿ ನಾಳೆಗೂ ಸಲ್ಲುತ್ತಿತ್ತು. ಕ್ರಮೇಣ ಎರಡು ಕ್ರಿಯಾಪದಗಳು ಆ ಕೆಲಸಕ್ಕೆ ಒದಗಿದವು. ‘ವಿಲ್’ ಎಂಬುದರ ಮೂಲಾರ್ಥ ಬಯಸು ಎಂದು. ‘ಷಲ್’ ಎಂಬುದರ ಮೂಲಾರ್ಥ ಋಣಿಯಾಗಿರು, ಮಾಡಲೇಬೇಕಾಗಿರು ಎಂದು.

ಆಕ್ಸ್‌ಫರ್ಡಿನ ಗಣಿತಜ್ಞ ಜಾನ್ ವಾಲಿಸ್ 1653ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬರೆದ ಇಂಗ್ಲಿಷ್ ವ್ಯಾಕರಣದಲ್ಲಿ ಇವೆರಡಕ್ಕೂ ನಿಯಮವನ್ನು ಹೇಳಿದನು. ಉತ್ತಮ ಪುರುಷದಲ್ಲಿ ‘ಷಲ್’ ಬರಿಯ ಮುನ್ಸೂಚನೆ, ‘ವಿಲ್’ ವಚನ ಅಥವಾ ಬೆದರಿಕೆ. ಉಳಿದ ಪುರುಷಗಳಲ್ಲಿ ಇದು ತಿರುವುಮುರುವು. ಬಹುಕಾಲ ಶಾಲೆಗಳು ಈ ನಿಯಮವನ್ನು ಕಲಿಸಿದವು. ಇಂದು ಎಲ್ಲ ಪುರುಷಗಳಲ್ಲಿಯೂ ‘ವಿಲ್’ ರೂಢಿಯಲ್ಲಿದೆ. ಆದರೂ ಕಾನೂನಿನ ಭಾಷೆಯಲ್ಲಿ ‘ಷಲ್’ ತನ್ನ ಹಳೆಯ ಕಟ್ಟಳೆಯ ಅರ್ಥವನ್ನು ಉಳಿಸಿಕೊಂಡಿದೆ. ಭಾರತಕ್ಕೆ ಒಬ್ಬ ರಾಷ್ಟ್ರಪತಿ ಇರಬೇಕೆಂದು ವಿಧಿಸುವ ಸಂವಿಧಾನದ 52ನೆಯ ಅನುಚ್ಛೇದದಲ್ಲಿ ಈ ಪದವಿದೆ. ಕನ್ನಡದ ಶಾಸನಗಳಲ್ಲಿ ಇದೇ ಅರ್ಥವನ್ನು ‘ತಕ್ಕದ್ದು’ ಎಂಬುದು ಸೂಚಿಸುತ್ತದೆ.

‘ವಿಲ್’ ಒಂದೇ ಎಲ್ಲ ಸಂದರ್ಭಕ್ಕೂ ಸಾಲದು. ಬಾಗಿಲು ತಟ್ಟಿದ ಸದ್ದು ಕೇಳಿ ಒಬ್ಬನು ಆ ಕ್ಷಣವೇ ನಿಶ್ಚಯಿಸಿ ‘ಐ ವಿಲ್ ಓಪನ್ ಇಟ್’ ಎನ್ನುತ್ತಾನೆ. ಕವಿದ ಕಾರ್ಮೋಡಗಳನ್ನು ಕಂಡವನು ‘ಇಟ್ ಈಸ್ ಗೋಯಿಂಗ್ ಟು ರೇನ್’ ಎನ್ನುತ್ತಾನೆ. ಇಲ್ಲಿ ಊಹೆಗೆ ಕಣ್ಣೆದುರಿನ ಆಧಾರವಿದೆ. ವೈದ್ಯರೊಡನೆ ಮೊದಲೇ ಸಮಯ ಗೊತ್ತುಮಾಡಿಕೊಂಡವನು ‘ಐ ಆ್ಯಮ್ ಮೀಟಿಂಗ್ ದ ಡಾಕ್ಟರ್ ಟುಮಾರೋ’ ಎಂದು ಹೇಳುತ್ತಾನೆ. ವೇಳಾಪಟ್ಟಿಯಂತೆ ನಾಳೆ ಹೊರಡುವ ರೈಲಿಗೆ ‘ದ ಟ್ರೈನ್ ಲೀವ್ಸ್ ಅಟ್ ಸಿಕ್ಸ್’ ಎಂಬ ಸರಳ ವರ್ತಮಾನವೇ ಸಾಕು.

ಕನ್ನಡಿಗ ವಿದ್ಯಾರ್ಥಿಯು ಎಡವುವ ಇನ್ನೊಂದು ಸ್ಥಳವುಂಟು. ‘ಅವನು ಬಂದಾಗ ಹೇಳುತ್ತೇನೆ’ ಎಂಬಲ್ಲಿ ಬರುವಿಕೆಯು ಮುಂದಿನದಾದರೂ ಕನ್ನಡವು ‘ಬಂದ’ ಎಂಬ ಭೂತರೂಪವನ್ನು ಬಳಸುತ್ತದೆ. ಇಂಗ್ಲಿಷ್ ಅದೇ ಸ್ಥಾನದಲ್ಲಿ ವರ್ತಮಾನವನ್ನು ಬಳಸಿ ‘ವೆನ್ ಹಿ ಕಮ್ಸ್, ಐ ವಿಲ್ ಟೆಲ್ ಹಿಮ್’ ಎನ್ನುತ್ತದೆ. ಅಲ್ಲಿ ‘ವೆನ್ ಹಿ ವಿಲ್ ಕಮ್’ ಎನ್ನುವುದು ತಪ್ಪು.

ಇಂತಹ ಸೂಕ್ಷ್ಮ ಭೇದಗಳು ಕನ್ನಡಕ್ಕೆ ಹೊಸತಲ್ಲ. ‘ನಾಳೆ ಬರುತ್ತೇನೆ’ ಎಂದವನನ್ನು ನಂಬಿ ಕಾಯಬಹುದು. ‘ಬಂದೇನು’ ಎಂದವನು ಬಾರದೆಯೂ ಇರಬಹುದು. ಹಾಸಿಗೆ ಹಿಡಿದ ಗೆಳೆಯನಿಗೆ ‘ಐ ವಿಲ್ ಕಮ್’ ಎಂದರೆ ಮಾತು ಕೊಟ್ಟಂತೆ. ‘ಐ ಮೇ ಕಮ್’ ಎಂದರೆ ಬರುವ ಸಂಭವವನ್ನಷ್ಟೇ ತಿಳಿಸಿದಂತೆ. ಕೇಳುವವನು ಆ ರೂಪವನ್ನೇ ನಂಬಿ ತನ್ನ ನಾಳೆಯನ್ನು ಗೊತ್ತುಪಡಿಸಿಕೊಳ್ಳುತ್ತಾನೆ. ಆದುದರಿಂದ ಭವಿಷ್ಯತ್ಕಾಲದ ರೂಪಗಳನ್ನು ಅರಿತು ಬಳಸುವುದು ಪರೀಕ್ಷೆಯ ಅಂಕಗಳಿಗೆ ಮಾತ್ರ ಸಂಬಂಧಿಸಿದುದಲ್ಲ. ಆಡಿದ ಮಾತಿಗೆ ಹೊಣೆಯಾಗುವುದಕ್ಕೂ ಅದು ಅವಶ್ಯಕ.