ಫೋನಿನ ಯಂತ್ರಕ್ಕೆ ‘ಅನೂರು’ ಯಾಕೆ ತಿಳಿಯುವುದಿಲ್ಲ?

ಪ್ರಶ್ನೆ: ದೂರು ಹೇಳಲು ಫೋನ್ ಮಾಡಿದರೆ ಯಂತ್ರ ‘ನಿಮ್ಮ ಊರು ಹೇಳಿ’ ಅನ್ನುತ್ತದೆ. ಹೇಳಿದರೆ ಅದಕ್ಕೆ ಗೊತ್ತಾಗುವುದಿಲ್ಲ. ಆಮೇಲೆ ಬೇರೆಯವರಿಗೆ ಕೊಡುತ್ತದೆ, ಅವರು ಮತ್ತೆ ಮೊದಲಿಂದ ಕೇಳುತ್ತಾರೆ. ತಪ್ಪು ನನ್ನ ಮಾತಿನದೇ?
– ಓದುಗರೊಬ್ಬರು, ಹನೂರು

ಖಂಡಿತ ಅಲ್ಲ. ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಆಡುಮಾತಿನಲ್ಲಿ ಪದದ ಮೊದಲ ‘ಹ’ ಬಿದ್ದುಹೋಗುತ್ತದೆ: ಹಾಲು ‘ಆಲು’ ಆಗುತ್ತದೆ, ಹನೂರು ‘ಅನೂರು’. ಇಂಥ ಯಂತ್ರಗಳಲ್ಲಿ ಸಾಮಾನ್ಯವಾಗಿ ಒಂದು ಉಚ್ಚಾರಣೆಯ ಪಟ್ಟಿ ಇರುತ್ತದೆ. ಅದರಲ್ಲಿ ‘ಹನೂರು’ ಎಂಬ ಒಂದೇ ರೂಪ ಇದ್ದರೆ ನಿಮ್ಮ ‘ಅನೂರು’ ಅದಕ್ಕೂ ಪೂರ್ತಿ ಕೂಡುವುದಿಲ್ಲ, ಅತ್ತ ಬನ್ನೂರು ಎಂಬ ಬೇರೆ ಊರಿನ ಹೆಸರನ್ನೂ ಒಂದಿಷ್ಟು ಹೋಲುತ್ತದೆ. ಯಂತ್ರ ತನ್ನ ಪ್ರತಿ ಊಹೆಗೂ ಅಂಕ ಹಾಕಿಕೊಳ್ಳುತ್ತದೆ. ಅಂಕ ಸಾಲದಿದ್ದರೆ ‘ಮತ್ತೊಮ್ಮೆ ಹೇಳಿ’. ಆಗಲೂ ಸಾಲದಿದ್ದರೆ ಕರೆ ಮನುಷ್ಯರಿಗೆ. ಪಟ್ಟಿಗೆ ‘ಅನೂರು’ ಅಂತ ಇನ್ನೊಂದು ಸಾಲು ಸೇರಿಸುವುದು ದೊಡ್ಡ ಕೆಲಸವೇನಲ್ಲ. ಸೇರಿಸದೆ ಬಿಡುವುದು ಅಸಡ್ಡೆ.

ಫೋನೂ ಮಾತನ್ನು ಪೂರ್ತಿ ಸಾಗಿಸುವುದಿಲ್ಲ. ಸಾಮಾನ್ಯ ಕರೆಯಲ್ಲಿ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ದನಿ ಮಾತ್ರ ದಾಟುತ್ತದೆ. ‘ಸ’ಕಾರದ ಸುಯ್ಯೆನ್ನುವ ಸದ್ದು ಬಹುಪಾಲು ಅದಕ್ಕಿಂತ ಮೇಲಿರುವುದರಿಂದ ಅಲ್ಲೇ ಕತ್ತರಿಸಿಹೋಗುತ್ತದೆ. ಜೊತೆಗೆ ಹೊಲದ ಗಾಳಿ, ಪಂಪ್‌ಸೆಟ್ಟಿನ ಸದ್ದು ಬೇರೆ.

ಯಂತ್ರಕ್ಕೆ ಯಾವ ಮಾತು ಕಲಿಸಿದ್ದಾರೆ ಎಂಬುದೂ ಮುಖ್ಯ. 1992ರಲ್ಲಿ ಅಮೆರಿಕದ ಎಟಿ ಅಂಡ್ ಟಿ ಕಂಪನಿ ಆಪರೇಟರ್ ಕೆಲಸಕ್ಕೆ ಇಂಥ ಯಂತ್ರ ಕೂರಿಸಿದಾಗ ಅದು ಗುರುತಿಸಬೇಕಿದ್ದದ್ದು ಐದೇ ಮಾತು. ಊರಿನ ಹೆಸರುಗಳಾದರೆ ಪಟ್ಟಿ ಅದಕ್ಕಿಂತ ಎಷ್ಟೋ ಉದ್ದ. ಕನ್ನಡದಲ್ಲಿ ನನಗೆ ತುಂಬ ಮೆಚ್ಚುಗೆಯಾದದ್ದು ತುಮಕೂರಿನ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯದವರ ಕೆಲಸ. ರೈತ ಫೋನಿನಲ್ಲಿ ಜಿಲ್ಲೆ, ಮಾರುಕಟ್ಟೆ, ಬೆಳೆಯ ಹೆಸರು ಹೇಳಿದರೆ ಅಂದಿನ ಧಾರಣೆ ತಿಳಿಸುವ ವ್ಯವಸ್ಥೆ ಅದು. ಅದಕ್ಕಾಗಿ ಅವರು ದನಿ ಸಂಗ್ರಹಿಸಿದ್ದು ರೈತರಿಂದಲೇ, ಸುತ್ತಲ ಗದ್ದಲದ ಸಮೇತ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ರೆಸ್ಪಿನ್’ ಯೋಜನೆಯೂ ಕನ್ನಡ ಸೇರಿದಂತೆ ಒಂಬತ್ತು ಭಾಷೆಗಳ ಪ್ರಾದೇಶಿಕ ಮಾತನ್ನು ಕೂಡಿಹಾಕಿದೆ. ಕೇಳಿಸಿಕೊಂಡ ಮಾತನ್ನಷ್ಟೇ ಯಂತ್ರ ಕಲಿಯುವುದು; ಹನೂರಿನ ಮಾತು ಕೇಳಿಸದೆ ಹನೂರಿನವರನ್ನು ತಿದ್ದಹೊರಡುವುದು ಅನ್ಯಾಯ.

ಇನ್ನು ‘ಮತ್ತೆ ಮೊದಲಿಂದ’ ಅನ್ನುವ ತಾಪತ್ರಯ. ಕರೆಯ ಜೊತೆಗೆ ನಿಮ್ಮ ಹೆಸರು, ಊರು, ಖಾತೆ ಸಂಖ್ಯೆಯನ್ನೂ ಮುಂದಿನವರ ಕಂಪ್ಯೂಟರಿಗೆ ಕಳಿಸುವ ತಂತ್ರ ಎಷ್ಟೋ ಕಾಲದಿಂದ ಇದೆ. ಎರಡು ವ್ಯವಸ್ಥೆಗಳನ್ನು ಜೋಡಿಸದಿದ್ದರೆ ಕರೆ ಮಾತ್ರ ಹೋಗುತ್ತದೆ, ನೀವು ಹೇಳಿದ್ದು ಹಿಂದೆಯೇ ಉಳಿಯುತ್ತದೆ. ಪಾಪ, ಆ ಕಡೆ ಕೂತವರ ಮುಂದಿನ ಪರದೆ ಖಾಲಿ. ಅವರ ಮೇಲೆ ರೇಗಿ ಫಲವಿಲ್ಲ.

ಗುಂಡಿ ಒತ್ತುವ ಅವಕಾಶವಿದ್ದರೆ ಅದನ್ನೇ ಬಳಸಿ. 5 ಒತ್ತಿದರೆ 770 ಮತ್ತು 1336 ಹರ್ಟ್ಸ್‌ನ ಎರಡು ಸ್ವರ ಒಟ್ಟಿಗೆ ಹೋಗುತ್ತವೆ. ಎರಡೂ ಫೋನಿನ ಮಿತಿಯೊಳಗೇ ಇರುವುದರಿಂದ ಎಡವಟ್ಟು ಕಡಿಮೆ. ಮಾತೇ ಆಡಬೇಕಾದರೆ ಸ್ಪೀಕರ್ ಬಂದ್ ಮಾಡಿ, ಊರಿನ ಹೆಸರೊಂದನ್ನೇ ಹೇಳಿ. ಮನುಷ್ಯರು ಸಿಕ್ಕ ಕೂಡಲೇ ದೂರಿನ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಮುಂದೆ ಕರೆ ಯಾರ ಕೈಗೆ ಹೋದರೂ ಮೊದಲು ಆ ಸಂಖ್ಯೆ ಹೇಳಿ.