ಓದುವವರಾಗಬೇಕೆ? ದಿನಕ್ಕೆರಡು ಪುಟದಿಂದ ಶುರು ಮಾಡಿ

ಪುಸ್ತಕ ಮೇಳದಲ್ಲಿ ಚೀಲ ತುಂಬ ಪುಸ್ತಕ ಕೊಂಡು ತಂದು, ಓದದೆ ಕಪಾಟಿನಲ್ಲೇ ಇಟ್ಟುಕೊಂಡವರು ನಮ್ಮಲ್ಲಿ ಬಹಳ ಮಂದಿ. ಓದಿನ ಮೇಲೆ ಅವರಿಗೆ ಪ್ರೀತಿ ಇದ್ದೇ ಇರುತ್ತದೆ. ಆದರೆ ‘ಈ ವರ್ಷ 25 ಪುಸ್ತಕ ಮುಗಿಸಬೇಕು’ ಎಂದು ಹೊರಟವರು, ಫೆಬ್ರುವರಿಯಲ್ಲಿ ಲೆಕ್ಕ ತಪ್ಪಿದೊಡನೆ ಕೈಚೆಲ್ಲುತ್ತಾರೆ. ಎಷ್ಟು ಪುಸ್ತಕ ಎನ್ನುವುದಕ್ಕಿಂತ ‘ನಾನು ಎಂಥ ವ್ಯಕ್ತಿಯಾಗಬೇಕು’ ಎಂಬುದನ್ನು ಮೊದಲು ತೀರ್ಮಾನಿಸಿದರೆ ಅಭ್ಯಾಸ ಉಳಿಯುತ್ತದೆ. ಅಮೆರಿಕದ ಲೇಖಕ ಜೇಮ್ಸ್ ಕ್ಲಿಯರ್ 2018ರಲ್ಲಿ ಬಂದ ‘ಅಟಾಮಿಕ್ ಹ್ಯಾಬಿಟ್ಸ್’ ಪುಸ್ತಕದ ಮೂಲಕ ಜನಪ್ರಿಯಗೊಳಿಸಿದ ವಿಚಾರವಿದು. ಓದಿಗೆ ಅದನ್ನು ಹೀಗೆ ಅಳವಡಿಸಿಕೊಳ್ಳಬಹುದು.

1. ಒಂದು ವಾಕ್ಯ ಬರೆದಿಡಿ

‘ನಾನು ದಿನವೂ ಓದುವವಳು’ ಅಥವಾ ‘ಓದುವವನು’ ಎಂದು ಡೈರಿಯಲ್ಲಿ ಬರೆಯಿರಿ. ಮೊದಲ ದಿನ ಅದು ನಿಮಗೇ ನಂಬಿಕೆಯಾಗದು. ಚಿಂತೆಯಿಲ್ಲ. ಓದಿದ ಪ್ರತಿದಿನವೂ ಆ ಮಾತಿಗೆ ಒಂದು ಸಾಕ್ಷಿ ಸೇರುತ್ತದೆ. ಸಾಕ್ಷಿ ಹೆಚ್ಚಿದಂತೆ ನಂಬಿಕೆ ತಾನಾಗಿ ಬರುತ್ತದೆ. ಸದ್ಯಕ್ಕೆ ಇದೊಂದೇ ಸಾಕು: ಓಟ, ಸಂಗೀತ, ಹೊಸ ಭಾಷೆ ಎಲ್ಲವನ್ನೂ ಒಟ್ಟಿಗೆ ಹಚ್ಚಿಕೊಳ್ಳಬೇಡಿ.

2. ಅಳತೆ ಚಿಕ್ಕದಿರಲಿ

ದಿನಕ್ಕೆ ಎರಡು ಪುಟ ಸಾಕು. ನೆಂಟರು ಬಂದ ದಿನವೂ, ಮೈ ಹುಷಾರಿಲ್ಲದ ದಿನವೂ ಅಷ್ಟು ಆಗುತ್ತದೆ. ವರ್ಷಕ್ಕೆ 730 ಪುಟ: ಒಂದು ದೊಡ್ಡ ಕಾದಂಬರಿ, ಇಲ್ಲವೇ ಐದಾರು ಸಣ್ಣ ಪುಸ್ತಕ. ಮನಸ್ಸು ಬಂದರೆ ಹೆಚ್ಚು ಓದಿ, ಆದರೆ ನಾಳೆಯ ಅಳತೆ ಎರಡೇ ಪುಟ.

3. ಹೊತ್ತು, ಜಾಗ ಗೊತ್ತುಮಾಡಿ

‘ಬಿಡುವಾದಾಗ ಓದುತ್ತೇನೆ’ ಎಂದರೆ ಬಿಡುವಾಗುವುದೇ ಇಲ್ಲ. ‘ರಾತ್ರಿ ಊಟ ಮುಗಿಸಿ ಅಡುಗೆಮನೆ ಒರೆಸಿದ ಮೇಲೆ, ಕಿಟಕಿ ಪಕ್ಕದ ಕುರ್ಚಿಯಲ್ಲಿ’ ಎಂದು ನಿಶ್ಚಯಿಸಿ. ‘ಇದಾದ ಮೇಲೆ ಇದು’ ಎಂಬಂಥ ನಿರ್ಧಾರಗಳ ಪರಿಣಾಮವನ್ನು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ವಿವರವಾಗಿ ಅಧ್ಯಯನ ಮಾಡಿದ್ದಾರೆ. ತೀರ್ಮಾನ ಮೊದಲೇ ಆಗಿರುವುದರಿಂದ, ಆ ಹೊತ್ತು ಬಂದಾಗ ಮನಸ್ಸಿನೊಡನೆ ಚೌಕಾಸಿ ಉಳಿಯುವುದಿಲ್ಲ.

4. ಪುಸ್ತಕ ಹತ್ತಿರ, ಮೊಬೈಲ್ ದೂರ

ಓದುತ್ತಿರುವ ಪುಸ್ತಕ ಆ ಕುರ್ಚಿಯ ಮೇಲೇ ಇರಲಿ. ಮೊಬೈಲನ್ನು ಬೇರೆ ಕೋಣೆಯಲ್ಲಿ ಚಾರ್ಜಿಗೆ ಹಾಕಿ. ಬಸ್ಸು, ಮೆಟ್ರೊ ಪ್ರಯಾಣಕ್ಕೆ ಚೀಲದಲ್ಲಿ ತೆಳ್ಳನೆಯದೊಂದು ಪುಸ್ತಕವಿರಲಿ.

5. ಸುಲಭದ್ದರಿಂದ ಹತ್ತಿ

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಲೇಬೇಕಾದ ಕೃತಿ. ಆದರೆ ಓದಿನ ರೂಢಿ ತಪ್ಪಿದವರು ತೇಜಸ್ವಿಯವರ ‘ಪರಿಸರದ ಕತೆ’ಯಂಥ ಬಿಡಿ ಬರಹಗಳಿಂದ ಆರಂಭಿಸುವುದು ಲೇಸು. ಹಿಡಿಸದ ಪುಸ್ತಕವನ್ನು ಅರ್ಧಕ್ಕೆ ಬಿಟ್ಟು ಬೇರೆಯದನ್ನು ಎತ್ತಿಕೊಳ್ಳಿ. ಕೊಳ್ಳಲೇಬೇಕೆಂದಿಲ್ಲ: ಊರಿನ ಸಾರ್ವಜನಿಕ ಗ್ರಂಥಾಲಯವಿದೆ, ಹಳ್ಳಿಗಳಲ್ಲಿ ‘ಅರಿವು ಕೇಂದ್ರ’ ಎಂದು ಹೆಸರು ಪಡೆದಿರುವ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ.

6. ತಪ್ಪಿದರೆ ಮರುದಿನವೇ ಕೂರಿ

ಓದಿದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. 21 ದಿನದಲ್ಲಿ ಅಭ್ಯಾಸ ಕೂಡಿಬರುತ್ತದೆ ಎಂಬ ಮಾತನ್ನು ನೆಚ್ಚಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು ಹೊಸ ಅಭ್ಯಾಸ ಆರಂಭಿಸಿದ 96 ಜನರನ್ನು 12 ವಾರ ಗಮನಿಸಿ, 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಭ್ಯಾಸ ಮೈಗೂಡಲು ಸಾಧಾರಣವಾಗಿ 66 ದಿನ ಬೇಕು. ಆದರೆ ವ್ಯಕ್ತಿ, ಕೆಲಸ ನೋಡಿಕೊಂಡು ಅದು 18 ದಿನದಿಂದ 254 ದಿನದವರೆಗೂ ಹೋಗಬಹುದು ಎಂದು ಅವರು ಅಂದಾಜಿಸಿದರು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಿನ್ನಡೆಯೇನೂ ಆಗಲಿಲ್ಲ. ಹಾಗಾಗಿ ತಪ್ಪಿದ ದಿನದ ಬಾಕಿ ತೀರಿಸಲು ನಾಲ್ಕು ಪುಟ ಓದಬೇಕಿಲ್ಲ. ಎರಡೇ ಓದಿ.

7. ತಿಂಗಳಿಗೊಮ್ಮೆ ಡೈರಿ ತೆರೆಯಿರಿ

ಮೊದಲು ಬರೆದಿಟ್ಟ ವಾಕ್ಯವನ್ನೂ ಕ್ಯಾಲೆಂಡರನ್ನೂ ಅಕ್ಕಪಕ್ಕ ಇಟ್ಟು ನೋಡಿ. ಗುರುತುಗಳು ವಿರಳವಾಗಿದ್ದರೆ ನಿಮ್ಮನ್ನು ಹಳಿದುಕೊಳ್ಳದೆ ಹೊತ್ತನ್ನೋ ಪುಸ್ತಕವನ್ನೋ ಬದಲಿಸಿ. ಮೂರ್ನಾಲ್ಕು ತಿಂಗಳು ನಡೆಸಿಕೊಂಡು ಬಂದಿದ್ದರೆ, ಓದಿದ್ದನ್ನು ಮನೆಯವರ ಹತ್ತಿರವೋ ಗೆಳೆಯರ ಹತ್ತಿರವೋ ಹೇಳಿಕೊಳ್ಳಿ. ‘ಈಗ ಯಾವ ಪುಸ್ತಕ ಓದ್ತಿದೀರಿ?’ ಎಂದು ಅವರು ಕೇಳತೊಡಗಿದಾಗ, ಆ ವಾಕ್ಯ ನಿಮ್ಮ ಡೈರಿಯನ್ನು ದಾಟಿದೆ ಎಂದು ತಿಳಿಯಿರಿ.