ಸಿಮ್, ಫೋನ್ ಆರಿಸೋ ಮೊದಲು ಬೋರ್‌ವೆಲ್ ಹತ್ತಿರ ನಿಂತು ನೋಡಿ

"ಯಾವ ಸಿಮ್ ತಗೊಳ್ಳಲಿ, ಯಾವ ಫೋನ್ ತಗೊಳ್ಳಲಿ?" ಅಂತ ನಮ್ಮ ಕಡೆ ಯುವ ರೈತರು ಆಗಾಗ ಕೇಳ್ತಾರೆ. ನಾನು ತಿರುಗಿ ಕೇಳೋದು ಒಂದೇ: ನಿಮ್ಮ ಬೋರ್‌ವೆಲ್ ಹತ್ತಿರ ಸಿಗ್ನಲ್ ಹೇಗಿದೆ? ಎಷ್ಟೋ ಊರಲ್ಲಿ ತ್ರೀ ಫೇಸ್ ಕರೆಂಟ್ ಬರೋದೇ ರಾತ್ರಿ. ಆಗ ಮೊಬೈಲ್ ಸ್ಟಾರ್ಟರ್‌ಗೆ ಕರೆ ಹೋಗದಿದ್ದರೆ ಕತ್ತಲಲ್ಲಿ ಹಾವು ಚೇಳಿನ ನಡುವೆ ತೋಟಕ್ಕೆ ನಡೀಬೇಕು, ಇಲ್ಲ ಬೆಳೆ ಒಣಗಿಸಬೇಕು. ಹಾಗಾಗಿ ಮೊದಲು ಜಾಗ, ಆಮೇಲೆ ಸಿಮ್, ಕೊನೆಗೆ ಫೋನ್.

1. ಸಿಗ್ನಲ್ ಅಳೆಯಿರಿ

ಬಸ್ ಸ್ಟ್ಯಾಂಡಲ್ಲಿ ಎಲ್ಲ ಕಂಪನಿಗೂ ಸಿಗ್ನಲ್ ಕಡ್ಡಿ ತುಂಬಿರುತ್ತೆ, ಅದನ್ನು ನಂಬಬೇಡಿ. ಬೇರೆ ಬೇರೆ ಸಿಮ್ ಇರೋ ಮೂರ್ನಾಲ್ಕು ಗೆಳೆಯರನ್ನು ತೋಟಕ್ಕೆ ಕರೀರಿ. ಪಂಪ್‌ಹೌಸ್ ಒಳಗೆ ನಿಂತು ಕರೆ ಮಾಡಿ ನೋಡಿ. ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್ ಒತ್ತಿದರೆ ಡಿಬಿಎಂ ಅಂತ ಅಂಕಿ ಕಾಣುತ್ತೆ. 4ಜಿಗೆ ಮೈನಸ್ 90ರ ಆಸುಪಾಸು ಚೆನ್ನಾಗಿದೆ, ಮೈನಸ್ 115 ಅಂದ್ರೆ ಕಷ್ಟ. ಕರೆಂಟ್ ಹೋದಾಗಲೂ ಒಮ್ಮೆ ನೋಡಿ. ಬ್ಯಾಟರಿ ಸರಿ ಇಲ್ಲದ ಟವರ್ ಆಗ ಸುಮ್ಮನಾಗಿಬಿಡುತ್ತೆ.

2. ಸ್ಟಾರ್ಟರ್ ಸಿಮ್ ಬೇರೆ ಲೆಕ್ಕ

ಹಳೇ ಮೊಬೈಲ್ ಸ್ಟಾರ್ಟರ್‌ಗಳು ಬಹುಪಾಲು 2ಜಿಯವು. ಜಿಯೋಗೆ 2ಜಿ ಇಲ್ಲ, ಆದ್ದರಿಂದ ಆ ಸಿಮ್ ಅದರಲ್ಲಿ ನಡೆಯಲ್ಲ. 4ಜಿ ಸ್ಟಾರ್ಟರ್ ಆದ್ರೆ ಯಾವ ಸಿಮ್ ನಡೆಯುತ್ತೆ ಅಂತ ಅಂಗಡಿಯವರನ್ನೇ ಕೇಳಿ, ಅಲ್ಲೇ ಹಾಕಿಸಿ ನೋಡಿ. ಕರೆ, ಎಸ್ಸೆಮ್ಮೆಸ್‌ನಲ್ಲೇ ನಡೆಯೋ ಸ್ಟಾರ್ಟರ್‌ಗೆ ಡೇಟಾ ಬೇಡ. ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರೋ ಪ್ಯಾಕ್ ಕೊಡಲೇಬೇಕು ಅಂತ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ತಂದಿದೆ. ಅದನ್ನೇ ಕೇಳಿ ಹಾಕಿಸಿ. ವ್ಯಾಲಿಡಿಟಿ ಮುಗಿಯೋ ದಿನವನ್ನು ಸ್ಟಾರ್ಟರ್ ಡಬ್ಬಿ ಮೇಲೇ ಬರೆದಿಡಿ.

3. ಕಂಪನಿ ಬದಲಿಸಿ, ನಂಬರ್ ಬೇಡ

ಆಧಾರ್, ಬ್ಯಾಂಕ್, ಪಿಎಂ ಕಿಸಾನ್ ಒಟಿಪಿ ಎಲ್ಲ ನಿಮ್ಮ ಹಳೇ ನಂಬರಿಗೇ ಬರುತ್ತೆ. ಸಿಗ್ನಲ್ ಇಲ್ಲ ಅಂತ ಆ ಸಿಮ್ ಬಿಸಾಡಬೇಡಿ, ಪೋರ್ಟ್ ಮಾಡಿಸಿ. ಅದೇ ನಂಬರಿನಿಂದ ಇಂಗ್ಲಿಷ್‌ನಲ್ಲಿ ಪೋರ್ಟ್ ಅಂತ ಬರೆದು, ಜಾಗ ಬಿಟ್ಟು, 10 ಅಂಕಿಯ ನಂಬರ್ ಹಾಕಿ 1900ಕ್ಕೆ ಎಸ್ಸೆಮ್ಮೆಸ್ ಕಳಿಸಿ. ಬರೋ ಕೋಡ್ ಕರ್ನಾಟಕದಲ್ಲಿ 4 ದಿನ ನಡೆಯುತ್ತೆ. ಈಗಿರೋ ಕಂಪನಿಯಲ್ಲಿ 90 ದಿನ ಆಗಿರಬೇಕು. ಉಳಿದ ಪ್ಯಾಕ್ ಹೊಸ ಕಂಪನಿಗೆ ಬರಲ್ಲ, ಮುಗಿಯೋ ಹೊತ್ತಿಗೆ ಪೋರ್ಟ್ ಮಾಡಿದ್ರೆ ಲಾಭ.

4. ಕೊನೆಗೆ ಫೋನ್

ನಾನು ನೋಡೋದು ನಾಲ್ಕೇ: ಎರಡು ಸಿಮ್ ಜಾಗ, 5000 ಎಂಎಎಚ್ ಬ್ಯಾಟರಿ, ಬಿಸಿಲಲ್ಲಿ ಕಾಣೋ ಪರದೆ, ಸರಿಯಾದ ಜಿಪಿಎಸ್. ಬೆಳೆ ಸಮೀಕ್ಷೆ ಆ್ಯಪ್‌ಗೆ ಹೊಲದಲ್ಲೇ ನಿಂತು ಫೋಟೊ ತೆಗೀಬೇಕಲ್ಲ, ಅದಕ್ಕೇ ಜಿಪಿಎಸ್. ಪರದೆಯನ್ನು ಅಂಗಡಿ ಒಳಗಲ್ಲ, ಹೊರಗೆ ಬಿಸಿಲಿಗೆ ತಂದು ನೋಡಿ. ಐಪಿ68 ಅಂತ ಇದ್ರೂ ಆ ಪರೀಕ್ಷೆ ಸಾದಾ ನೀರಿಂದು, ಔಷಧಿ ದ್ರಾವಣದ್ದಲ್ಲ. ಸಿಂಪಡಿಸುವಾಗ ಫೋನ್ ದೂರ ಇಡಿ. ತೋಟದಲ್ಲಿ 5ಜಿ ಸಿಗದಿದ್ದರೆ ಅದಕ್ಕಾಗಿ ಹೆಚ್ಚು ದುಡ್ಡು ಕೊಡೋದು ಬೇಡ, ಆ ದುಡ್ಡು ಡ್ರಿಪ್ ಪೈಪಿಗಾದ್ರೂ ಆಗುತ್ತೆ.

ಈ ವಾರದ ಕೆಲಸ: ಪಂಪ್‌ಹೌಸ್‌ನಲ್ಲಿ ಪ್ರತಿ ಸಿಮ್‌ನ ಅಂಕಿಯನ್ನು ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ ಬರೆದುಕೊಳ್ಳಿ. ಆ ಚೀಟಿ ಕೈಯಲ್ಲಿ ಹಿಡ್ಕೊಂಡೇ ಅಂಗಡಿಗೆ ಹೋಗಿ.